ಹಳೆಯ ಕಂಪ್ಯೂಟರ್ ಗುಜರಿಯಲ್ಲ, ಷೋಕೇಸಿನ ಬೊಂಬೆಯೂ ಅಲ್ಲ



ನಲವತ್ತು ವರ್ಷ ಹಳೆಯ ಕಂಪ್ಯೂಟರ್‌ಗಳನ್ನು ಹುಡುಕಿ ತಂದು, ಬಿಚ್ಚಿ, ರಿಪೇರಿ ಮಾಡಿ, ಮತ್ತೆ ಚಾಲೂ ಮಾಡುವವರ ವಿಡಿಯೋಗಳನ್ನು ನೀವೂ ನೋಡಿರಬಹುದು. ನಮ್ಮ ನಡುವೆ ಅದಕ್ಕೆ ಎರಡು ಉತ್ತರ ಕೇಳಿಬರುತ್ತದೆ. "ಇವರಿಗೆ ಬೇರೆ ಕೆಲಸ ಇಲ್ಲವಾ ಮಾರಾಯ್ರೇ, ಗುಜರಿಗೆ ಹಾಕುವ ಸಾಮಾನಲ್ವಾ" ಎನ್ನುವುದು ಒಂದು. "ಆಹಾ, ಆ ಕಾಲವೇ ಚಂದ" ಎನ್ನುವುದು ಇನ್ನೊಂದು. ಎರಡೂ ತಪ್ಪು ಎಂಬುದು ನಮ್ಮ ವಾದ. ಮೊದಲನೆಯದು ತಾತ್ಸಾರ. ಎರಡನೆಯದು ಕೈ ಕೆಸರಾಗದ ಪ್ರೀತಿ. ಎರಡರಿಂದಲೂ ಏನೂ ಉಳಿಯುವುದಿಲ್ಲ.

ಒಂದೇ ಯಂತ್ರವನ್ನು ತೆಗೆದುಕೊಳ್ಳೋಣ. 1981ರ ಕೊನೆಗೆ ಬ್ರಿಟನ್ನಿನಲ್ಲಿ ಬಿಬಿಸಿ ಮೈಕ್ರೋ ಎಂಬ ಕಂಪ್ಯೂಟರ್ ಬಂತು. ಜನರಿಗೆ ಕಂಪ್ಯೂಟರ್ ಕಲಿಸಬೇಕೆಂದು ಬಿಬಿಸಿ ಒಂದು ಯೋಜನೆ ಹಾಕಿತು, ಕೇಂಬ್ರಿಡ್ಜಿನ ಏಕಾರ್ನ್ ಕಂಪನಿ ಯಂತ್ರ ತಯಾರಿಸಿತು. ಅದರ ಮಾಡೆಲ್ ಬಿಗೆ ಇದ್ದ ಮೆಮೊರಿ 32 ಕಿಲೋಬೈಟ್. ನಾವು ವಾಟ್ಸಾಪಿನಲ್ಲಿ ಕಳಿಸುವ ಒಂದು ಫೋಟೋ ಕೂಡ ಅದರಲ್ಲಿ ಹಿಡಿಸಲಿಕ್ಕಿಲ್ಲ. ಸ್ವಿಚ್ ಹಾಕಿದರೆ ಬೀಪ್ ಎಂಬ ಸದ್ದು, ಪರದೆಯ ಮೇಲೆ ನಾಲ್ಕು ಅಕ್ಷರ, ಮತ್ತೆ ಮಿನುಗುವ ಒಂದು ಗೆರೆ. ಆ್ಯಪ್ ಇಲ್ಲ, ಜಾಹೀರಾತು ಇಲ್ಲ. ನೀವು ಬೇಸಿಕ್ ಭಾಷೆಯಲ್ಲಿ ಏನಾದರೂ ಟೈಪ್ ಮಾಡುವ ತನಕ ಅದು ಸುಮ್ಮನೆ ಕಾಯುತ್ತಿತ್ತು. 1984-85ರಲ್ಲಿ ನಮ್ಮ ಕೇಂದ್ರ ಸರಕಾರ ಕ್ಲಾಸ್ ಎಂಬ ಯೋಜನೆ ಶುರುಮಾಡಿದಾಗ ಭಾರತದ ಶಾಲೆಗಳಿಗೂ ಬಂದದ್ದು ಇದೇ ಯಂತ್ರ. ನಿಮ್ಮ ಮನೆಯ ದೊಡ್ಡವರಲ್ಲಿ ಯಾರಾದರೂ ಅದನ್ನು ಮುಟ್ಟಿದ್ದಾರೋ ಕೇಳಿ ನೋಡಿ.

ಹಾಗೆಂದು ಆ ಕಾಲ ಚಿನ್ನದ ಕಾಲ ಎನ್ನಲು ನಾವು ಸಿದ್ಧರಿಲ್ಲ. ಬ್ರಿಟನ್ನಿನಲ್ಲೇ ಮಾಡೆಲ್ ಬಿಗೆ ಸುಮಾರು 400 ಪೌಂಡ್ ಬೆಲೆ ಇತ್ತು. ಅಷ್ಟು ಕೊಡಲಾಗದ ಮನೆಯ ಮಕ್ಕಳಿಗೆ ಅದು ಶಾಲೆಯಲ್ಲಿ ಸರದಿ ಬಂದಾಗ ಮಾತ್ರ ಸಿಗುವ ವಸ್ತು. ಕ್ಯಾಸೆಟ್ಟಿನಿಂದ ಒಂದು ಆಟ ಲೋಡ್ ಆಗಲು ನಿಮಿಷಗಟ್ಟಲೆ ಕಾಯಬೇಕು, ಕೊನೆಗೆ ಎರರ್ ಬಂದರೆ ಮೊದಲಿನಿಂದ ಶುರು. ಬರೀ ಹಂಬಲ ಇದನ್ನೆಲ್ಲ ಮರೆಸುತ್ತದೆ.

ಹಾಗಾದರೆ ಈ ಯಂತ್ರಗಳನ್ನು ಉಳಿಸುವವರ ಪರವಾಗಿ ನಾವು ಯಾಕೆ ನಿಲ್ಲುತ್ತೇವೆ? ಇದೇ ಬಿಬಿಸಿ ಮೈಕ್ರೋ ಸಂತತಿಯ ಒಂದು ಕಥೆ ಕೇಳಿ.

1086ರಲ್ಲಿ ಇಂಗ್ಲೆಂಡಿನ ರಾಜ ವಿಲಿಯಂ ತನ್ನ ರಾಜ್ಯದ ಭೂಮಿ, ಗೇಣಿ, ದನಕರುಗಳ ಲೆಕ್ಕ ಬರೆಸಿದ. ಚರ್ಮದ ಹಾಳೆಯ ಮೇಲಿನ ಆ ಡೋಮ್ಸ್‌ಡೇ ಪುಸ್ತಕ ಈಗಲೂ ಲಂಡನ್ನಿನ ಕ್ಯೂನಲ್ಲಿರುವ ರಾಷ್ಟ್ರೀಯ ಪತ್ರಾಗಾರದಲ್ಲಿದೆ. ಲ್ಯಾಟಿನ್ ಬಲ್ಲವರು ಇವತ್ತೂ ಓದಬಹುದು. 1986ರಲ್ಲಿ, ಅದಕ್ಕೆ 900 ವರ್ಷ ತುಂಬಿದಾಗ, ಬಿಬಿಸಿ ಹೊಸ ಡೋಮ್ಸ್‌ಡೇ ಮಾಡಿಸಿತು. ದೇಶವನ್ನು 4 ಕಿಲೋಮೀಟರ್ ಉದ್ದ, 3 ಕಿಲೋಮೀಟರ್ ಅಗಲದ ತುಂಡುಗಳಾಗಿ ಹಂಚಿ, ಶಾಲೆಯ ಮಕ್ಕಳಿಂದ ತಮ್ಮ ಊರಿನ ಬಗ್ಗೆ ಬರೆಸಿದರು, ಫೋಟೋ ತೆಗೆಸಿದರು. 10 ಲಕ್ಷಕ್ಕೂ ಹೆಚ್ಚು ಜನ ಕೈಜೋಡಿಸಿದರು. ಎಲ್ಲವನ್ನೂ ಲೇಸರ್ ಡಿಸ್ಕಿನಲ್ಲಿ ತುಂಬಿಸಿದರು. ಅದನ್ನು ನೋಡಲು ಬಿಬಿಸಿ ಮಾಸ್ಟರ್ ಕಂಪ್ಯೂಟರ್ ಮತ್ತು ಅದಕ್ಕೆಂದೇ ಮಾಡಿದ ಫಿಲಿಪ್ಸ್ ಪ್ಲೇಯರ್ ಬೇಕು. ಎಲ್ಲ ಸೇರಿ ಸುಮಾರು 5,000 ಪೌಂಡ್. ಬರೆದ ಮಕ್ಕಳ ಶಾಲೆಗಳಲ್ಲಿ ಎಷ್ಟೋ ಶಾಲೆಗಳಿಗೆ ತಮ್ಮದೇ ಬರಹವನ್ನು ಕೊಂಡು ನೋಡುವ ಶಕ್ತಿ ಇರಲಿಲ್ಲ.

ಮುಂದೇನಾಯಿತು? 15 ವರ್ಷ ಕಳೆಯುವಷ್ಟರಲ್ಲಿ ಅದನ್ನು ಓದಬಲ್ಲ ಯಂತ್ರ ಸುಸ್ಥಿತಿಯಲ್ಲಿ ಸಿಗುವುದೇ ಅಪರೂಪವಾಯಿತು. 900 ವರ್ಷದ ಚರ್ಮ ಓದಲು ಸಿಗುತ್ತದೆ, 15 ವರ್ಷದ ಡಿಸ್ಕ್ ಸಿಗುವುದಿಲ್ಲ! 2002ರ ಹೊತ್ತಿಗೆ ಲೀಡ್ಸ್ ಮತ್ತು ಮಿಚಿಗನ್ ವಿಶ್ವವಿದ್ಯಾಲಯಗಳವರು ಹಳೆಯ ಯಂತ್ರವನ್ನು ಹೊಸ ಕಂಪ್ಯೂಟರಿನೊಳಗೆ ಅನುಕರಿಸಿ ದಾರಿ ತೋರಿಸಿದರು. 2011ರಲ್ಲಿ ಬಿಬಿಸಿ ಮಕ್ಕಳ ಬರಹಗಳನ್ನು ಅಂತರಜಾಲಕ್ಕೆ ತಂದಿತು. ಆಮೇಲೆ ಹವ್ಯಾಸಿಗಳು ಸೇರಿ ಡೋಮ್ಸ್‌ಡೇ ಡ್ಯೂಪ್ಲಿಕೇಟರ್ ಎಂಬ ಸಾಧನ ಕಟ್ಟಿದರು. ಅದು ಲೇಸರ್ ಡಿಸ್ಕಿನ ಮೂಲ ಸಂಕೇತವನ್ನೇ ನೇರವಾಗಿ ಹಿಡಿದಿಡುತ್ತದೆ. ಅದರ ವಿನ್ಯಾಸವನ್ನು ಎಲ್ಲರಿಗೂ ಬಿಟ್ಟುಕೊಟ್ಟಿದ್ದಾರೆ. ಇವರನ್ನೇ ನಾವು "ಬೇರೆ ಕೆಲಸ ಇಲ್ಲದವರು" ಎನ್ನುವುದು.

"ಅನುಕರಿಸುವ ಸಾಫ್ಟ್‌ವೇರ್ ಇದೆಯಲ್ಲ, ಹಳೆಯ ಪೆಟ್ಟಿಗೆ ಯಾಕೆ?" ಎಂದು ಕೇಳುವವರಿದ್ದಾರೆ. ಉತ್ತರ ಸರಳ. ಡಿಸ್ಕಿನಲ್ಲಿ ಇರುವುದನ್ನು ಮೊದಲು ಹೊರಗೆ ತೆಗೆಯಬೇಕಲ್ಲ? ಅದಕ್ಕೆ ಓಡುವ ಡ್ರೈವ್ ಬೇಕು, ಓಡುವ ಪ್ಲೇಯರ್ ಬೇಕು. ಅನುಕರಣೆ ಸರಿಯಿದೆಯೋ ಇಲ್ಲವೋ ಎಂದು ತಾಳೆ ನೋಡಲು ಅಸಲು ಯಂತ್ರವೇ ಬೇಕು. ಬಿಬಿಸಿ ಮೈಕ್ರೋದ ಪವರ್ ಸಪ್ಲೈಯಲ್ಲಿರುವ ಹಳೆಯ ಕೆಪಾಸಿಟರ್ ಬಿರುಕುಬಿಟ್ಟು, ಸ್ವಿಚ್ ಹಾಕಿದ ಕೂಡಲೇ ಹೊಗೆಯಾಡುವುದು ಈ ಹವ್ಯಾಸಿಗಳಿಗೆಲ್ಲ ಗೊತ್ತಿರುವ ಸಂಗತಿ. ಅದನ್ನು ಬದಲಿಸಲು ಬಲ್ಲ ಕೈಗಳು ಇರುವ ತನಕ ಆ ಡಿಸ್ಕುಗಳಿಗೂ ಆಯುಷ್ಯ.

ಅದೇ ಕಾರಣಕ್ಕೆ, ದುಬಾರಿ ಬೆಲೆಗೆ ಕೊಂಡು ಡಬ್ಬಿ ಒಡೆಯದೆ ಗಾಜಿನ ಕಪಾಟಿನಲ್ಲಿ ಇಡುವವರನ್ನು ನಾವು ಹೊಗಳುವುದಿಲ್ಲ. ಬೀಗ ಹಾಕಿದ ಯಂತ್ರ ಯಾವ ಡಿಸ್ಕನ್ನೂ ಓದುವುದಿಲ್ಲ, ಯಾವ ಮಗುವಿಗೂ ಕಲಿಸುವುದಿಲ್ಲ. ಕೇಂಬ್ರಿಡ್ಜಿನ ಕಂಪ್ಯೂಟರ್ ಇತಿಹಾಸ ಕೇಂದ್ರದಲ್ಲಿ ಮಕ್ಕಳು ಇಂಥ ಕೀಲಿಮಣೆಯ ಮುಂದೆ ಕೂತು ತಾವೇ ಟೈಪ್ ಮಾಡಬಹುದು. ಉಳಿಸುವುದೆಂದರೆ ಅದು.

ಇದು ಇಂಗ್ಲೆಂಡಿನ ಕಥೆ, ನಮಗೇನು ಎನ್ನಬೇಡಿ. ನಮ್ಮ ಇಗರ್ಜಿಯ ಹಳೆಯ ಜ್ಞಾನಸ್ನಾನದ ಪುಸ್ತಕಗಳಲ್ಲಿ ಮುತ್ತಜ್ಜನ ಹೆಸರನ್ನು ಇವತ್ತೂ ಬೆರಳಿಟ್ಟು ಓದಬಹುದು. ಆದರೆ ಯುನಿಕೋಡ್ ಬಳಕೆಗೆ ಬರುವ ಮೊದಲು ಟೈಪ್ ಮಾಡಿದ ನಮ್ಮ ಸ್ಮರಣ ಸಂಚಿಕೆಯ ಫೈಲನ್ನು ಮೊನ್ನೆ ತೆರೆದರೆ ಕನ್ನಡದ ಒಂದಕ್ಷರವೂ ಕಾಣಲಿಲ್ಲ. ಪರದೆ ತುಂಬಾ ಅರ್ಥವಿಲ್ಲದ ಗುರುತುಗಳು. ಆಗ ಒಂದೊಂದು ಕನ್ನಡ ಸಾಫ್ಟ್‌ವೇರಿಗೆ ಒಂದೊಂದು ಫಾಂಟು, ಒಂದೊಂದು ಸಂಕೇತ. ಫಾಂಟ್ ಹೋದರೆ ಬರಹವೂ ಹೋಯಿತು. ಗಡಿಯ ಈಚೆ ಇರುವ ನಮ್ಮ ಕನ್ನಡವನ್ನು ಬೇರೆ ಯಾರೋ ಬಂದು ಉಳಿಸಿಕೊಡುತ್ತಾರೆಂದು ಕಾಯುತ್ತಾ ಕೂತರೆ ನಾವು ಮೂರ್ಖರು.

ಆದ್ದರಿಂದ ಯುವಮಿತ್ರರೇ, ಈ ತಿಂಗಳು ಮೂರು ಕೆಲಸ ಮಾಡೋಣ. ಮನೆಯ ಅಟ್ಟದಲ್ಲಿರುವ ಫ್ಲಾಪಿ, ಸಿಡಿ, ಕ್ಯಾಸೆಟ್ ಹುಡುಕಿ, ಮೇಲೆ ಏನಿದೆಯೆಂದು ಬರೆದಿಡೋಣ. ಹಳೆಯ ಫಾಂಟಿನ ಫೈಲುಗಳನ್ನು ಯುನಿಕೋಡಿಗೆ ಬದಲಿಸಿ, ಎರಡು ಕಡೆ ಪ್ರತಿ ಇಟ್ಟು, ಮುಖ್ಯವಾದದ್ದನ್ನು ಕಾಗದದಲ್ಲೂ ಮುದ್ರಿಸೋಣ. ಓಡುವ ಹಳೆಯ ಕಂಪ್ಯೂಟರ್ ಯಾರ ಮನೆಯಲ್ಲಾದರೂ ಇದ್ದರೆ, ಗುಜರಿಯವನನ್ನು ಕರೆಯುವ ಮೊದಲು ನಮ್ಮನ್ನು ಕರೆಯಿರಿ.

"ಆ ಕಾಲವೇ ಚಂದ" ಎಂದು ಹೇಳಲು ಒಂದು ನಿಮಿಷ ಸಾಕು. ಆ ಕಾಲದ್ದನ್ನು ಮುಂದಿನ ಮಕ್ಕಳು ಓದುವಂತೆ ಮಾಡಲು ಭಾನುವಾರದ ಒಂದು ಮಧ್ಯಾಹ್ನವಾದರೂ ಬೇಕು. ಬನ್ನಿ, ಸ್ಕ್ರೂ ಡ್ರೈವರ್ ನಾವು ತರುತ್ತೇವೆ.