ಮಾಜಿ ಸೈನಿಕನ ಯಕೃತ್ತಿಗೆ ಶೇಕಡಾ ಎಷ್ಟು?

ಕೈ ಅಥವಾ ಕಾಲನ್ನು ಕಳೆದುಕೊಂಡ ಸೈನಿಕನ ನಷ್ಟವು ಕಂಡವರಿಗೆಲ್ಲ ತಿಳಿಯುತ್ತದೆ. ಯಕೃತ್ತಾದರೋ ಸದ್ದಿಲ್ಲದೆ ಸವೆಯುವ ಅಂಗ. ಅದು ನಾರುಗಟ್ಟಿ ಸಿರೋಸಿಸ್ ಆರಂಭವಾದ ಮೇಲೂ ರೋಗಿಯು ಉಡುಪಿಯ ರಥಬೀದಿಯಲ್ಲಿ ಆರೋಗ್ಯವಂತನಂತೆ ನಡೆದಾಡಬಲ್ಲನು. ಇಂಥವನ ಅಂಗವೈಕಲ್ಯವನ್ನು ಅಳೆಯುವುದೆಂತು?

ಸೈನ್ಯದ ವೈದ್ಯಮಂಡಳಿಯು ಎರಡು ಪ್ರಶ್ನೆಗಳನ್ನು ಕೇಳುತ್ತದೆ: ರೋಗವು ಸೇವೆಯಿಂದ ಉಂಟಾಯಿತೆ ಅಥವಾ ಉಲ್ಬಣಿಸಿತೆ? ನಷ್ಟವು ಶೇಕಡಾ ಎಷ್ಟು? ಅವಧಿ ಮುಗಿಸಿ ನಿವೃತ್ತನಾದವನ ನಷ್ಟವು ಶೇಕಡಾ 20ಕ್ಕಿಂತ ಕಡಿಮೆಯೆಂದಾದರೆ ಪರಿಹಾರ ದೊರೆಯದು. ಶೇಕಡಾ 100 ಎಂದಾದರೆ ಕೊನೆಯ ಸಂಬಳದ ಶೇಕಡಾ 30 ದೊರೆಯುತ್ತದೆ. ಅತಿಯಾದ ಮದ್ಯಪಾನದಿಂದ ಬಂದ ರೋಗಕ್ಕೆ ಪರಿಹಾರವಿಲ್ಲ.

ತಪ್ಪು ನುಸುಳುವುದು ಇಲ್ಲಿಯೇ. ಯಕೃತ್ತು ಕೆಟ್ಟಿತೆಂದೊಡನೆ 'ಮಿಲಿಟರಿಯವನು, ಕುಡಿದಿರಬೇಕು' ಎನ್ನುವವರು ನಮ್ಮಲ್ಲಿ ಹಲವರು. 1942ರಲ್ಲಿ ಅಮೆರಿಕದ ಸುಮಾರು 50,000 ಸೈನಿಕರು ಕಾಮಾಲೆಯಿಂದ ಹಾಸಿಗೆ ಹಿಡಿದರು. ಅದಕ್ಕೆ ಕಾರಣ ಮದ್ಯವಲ್ಲ. ಸೈನ್ಯವೇ ಚುಚ್ಚಿದ ಪೀತಜ್ವರದ ಲಸಿಕೆಯಲ್ಲಿ ಬೆರೆತಿದ್ದ ಹೆಪಟೈಟಿಸ್ ಬಿ ವೈರಾಣು. 1989ರಲ್ಲಿ ಗುರುತಿಸಲಾದ ಸಿ ವೈರಾಣುವಂತೂ ಎರಡು ದಶಕಗಳ ಕಾಲ ಲಕ್ಷಣವನ್ನೇ ತೋರದೆ ಇರಬಲ್ಲುದು. ಇವೆರಡನ್ನೂ ರಕ್ತಪರೀಕ್ಷೆಯಿಂದ ಕಂಡುಹಿಡಿಯಬಹುದು. ಆದುದರಿಂದ ಕಾರಣವನ್ನು ನಿರ್ಣಯಿಸಬೇಕಾದುದು ಪರೀಕ್ಷೆಯೇ ಹೊರತು ಊಹೆಯಲ್ಲ.

ನಷ್ಟದ ಪ್ರಮಾಣಕ್ಕೂ ವಿಜ್ಞಾನದಲ್ಲಿ ಅಳತೆಗೋಲುಂಟು. ಚೈಲ್ಡ್-ಪ್ಯೂ ಕ್ರಮದಲ್ಲಿ ರಕ್ತದ ಬಿಲಿರುಬಿನ್, ಆಲ್ಬುಮಿನ್, ರಕ್ತ ಹೆಪ್ಪುಗಟ್ಟುವ ಕಾಲ, ಹೊಟ್ಟೆಯಲ್ಲಿ ತುಂಬುವ ನೀರು, ಬುದ್ಧಿಯ ಮಂಪರು ಎಂಬ ಐದಕ್ಕೂ ಒಂದರಿಂದ ಮೂರರವರೆಗೆ ಅಂಕ ಕೊಡುತ್ತಾರೆ. ಮೊತ್ತವು 5 ಅಥವಾ 6 ಆದರೆ ರೋಗ ಸೌಮ್ಯ. 10 ಅಥವಾ ಅದಕ್ಕಿಂತ ಹೆಚ್ಚಾದರೆ ಗಂಭೀರ. ಮಣಿಪಾಲದಂತಹ ವೈದ್ಯಕೇಂದ್ರದಲ್ಲಿ ಈ ಪರೀಕ್ಷೆಗಳು ದುರ್ಲಭವಲ್ಲ. ಆದರೆ ರೋಗದ ಅಂಕವು ತಾನಾಗಿಯೇ ಅಂಗವೈಕಲ್ಯದ ಶೇಕಡಾ ಆಗುವುದಿಲ್ಲ. ಅದನ್ನು ನಿಗದಿಪಡಿಸುವುದು ಮಂಡಳಿ. ಇತ್ತ 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯು ಹೆಸರಿಸಿದ 21 ವೈಕಲ್ಯಗಳಲ್ಲಿ ಹಿಮೋಫಿಲಿಯಾ ಇದೆ. ದೀರ್ಘಕಾಲದ ಯಕೃತ್ ರೋಗವಿಲ್ಲ. ಹೀಗಾಗಿ ಸೈನಿಕನಿಗೆ ಮಂಡಳಿಯ ಮಾತೇ ಆಧಾರ.

ಆ ಮಾತಿಗೆ ಲಿಖಿತ ಕಾರಣವಿರಬೇಕೆಂಬುದು ನಮ್ಮ ಅಭಿಪ್ರಾಯ. ಸೇವೆಗೆ ಸೇರುವಾಗ ದಾಖಲಾಗದ ರೋಗವು ಸೇವೆಯಿಂದ ಬಂದುದಲ್ಲವೆಂದು ತೋರಿಸುವ ಹೊಣೆ ಸರಕಾರದ್ದೇ ಎಂದು, 1982ರ ನಿಯಮಗಳನ್ನು ವಿವರಿಸುತ್ತ, ಸರ್ವೋಚ್ಚ ನ್ಯಾಯಾಲಯವು 2013ರಲ್ಲಿ ಧರಮ್‌ವೀರ್ ಸಿಂಗ್ ಪ್ರಕರಣದಲ್ಲಿ ಹೇಳಿತು. ಆ ತತ್ತ್ವವು ಯಕೃತ್ ರೋಗಿಗೂ ಸಲ್ಲಬೇಕು. ಜತೆಗೆ, ಸಿರೋಸಿಸ್ ನಿಂತಲ್ಲಿ ನಿಲ್ಲುವ ರೋಗವಲ್ಲ. ನಿವೃತ್ತಿಯ ದಿನದ ಅಳತೆಯು ಹತ್ತು ವರ್ಷಗಳ ಬಳಿಕ ಸಾಲದು. ಕೋರಿದವನಿಗೆ ಮರುಪರೀಕ್ಷೆ ಸುಲಭವಾಗಿ ದೊರೆಯಬೇಕು.

ಕಾಪು, ಕಾರ್ಕಳಗಳ ವಿದ್ಯಾರ್ಥಿಗಳೇ, ನಿಮ್ಮ ನೆರೆಯಲ್ಲಿ ಮಾಜಿ ಸೈನಿಕರಿದ್ದರೆ ಅವರ ಬಿಡುಗಡೆಯ ಕಾಗದಗಳನ್ನೂ ರಕ್ತಪರೀಕ್ಷೆಯ ವರದಿಗಳನ್ನೂ ವರ್ಷವಾರು ಜೋಡಿಸಿಕೊಡಿರಿ. ಮಂಡಳಿಯ ಮುಂದೆ ಅವರ ಪರವಾಗಿ ಸಾಕ್ಷಿ ನುಡಿಯಬಲ್ಲುವು ಅವೇ.