ಮನೆ ತೆಗೆದುಕೊಳ್ಳುವ ಮೊದಲು



ರಜೆಗೆ ಊರಿಗೆ ಹೋದಾಗ ಮಂಗಳೂರಲ್ಲಿ ಒಂದು ಫ್ಲ್ಯಾಟ್ ನೋಡುವುದು ನಮ್ಮಲ್ಲಿ ರೂಢಿ. ಕೆಲವು ಕಡೆ ಹೆಸರು ಕೇಳಿದ ಕೂಡಲೇ "ಎಲ್ಲಾ ಬುಕ್ ಆಗಿದೆ" ಅಂತಾರೆ. ಕಡೆಗೆ ಬಂದರ್, ಕುದ್ರೋಳಿ, ಉಳ್ಳಾಲದಂಥ ನಮ್ಮವರು ಹೆಚ್ಚಿರುವ ಕಡೆಗೇ ಬರುತ್ತೇವೆ. ಮಸೀದಿ ಹತ್ತಿರ, ಗಲಾಟೆಯಾದರೂ ಧೈರ್ಯ. ಈ ಲೆಕ್ಕ ತಪ್ಪಲ್ಲ.

ಆದರೆ ಖರ್ಚಿನ ಕಡೆಯನ್ನೂ ನೋಡಬೇಕಲ್ಲ? ಮುಸ್ಲಿಮರು ಹೆಚ್ಚಿರುವ ಪ್ರದೇಶಗಳಲ್ಲಿ ಮೂಲ ಸೌಕರ್ಯ ಕಡಿಮೆ, ಕೆಲವು ಬ್ಯಾಂಕುಗಳು ಅಂಥ ಪ್ರದೇಶಗಳನ್ನು ಸಾಲಕ್ಕೆ ತಕ್ಕದ್ದಲ್ಲದ 'ಕೆಂಪು ವಲಯ' ಎಂದು ಗುರುತಿಸಿವೆ ಎಂದು 2006ರ ಸಾಚಾರ್ ಸಮಿತಿ ವರದಿಯೇ ಹೇಳಿದೆ. ಒಂದೇ ಕಡೆ ಸೇರಿದ್ದಕ್ಕೆ ನಾವು ಕೊಡುವ ಬೆಲೆ ಇದು.

ಇನ್ನೊಂದು ಬೆಲೆ ನಮ್ಮ ಬಡವರು ಕೊಡುತ್ತಾರೆ. ಗಲ್ಫಿನ ದುಡ್ಡೆಲ್ಲ ಅದೇ ನಾಲ್ಕು ಬೀದಿಗೆ ಬಿದ್ದರೆ ಅಲ್ಲಿ ಬಾಡಿಗೆ ಏರದೇ ಇರ್ತದಾ? ಬೀಡಿ ಕಟ್ಟುವ ಹೆಂಗಸಿಗೆ, ಮೀನು ಮಾರುವವನಿಗೆ ಹೊರಗೆ ಮನೆ ಸಿಗುವುದಿಲ್ಲ, ಒಳಗೆ ಬಾಡಿಗೆ ಎಟಕುವುದಿಲ್ಲ.

ಎರಡು ಮಾತು. ಬಾಡಿಗೆಗೆ ಕೊಡುವ ಮನೆಗಳಲ್ಲಿ ಒಂದನ್ನಾದರೂ ಸಣ್ಣ ಸಂಪಾದನೆಯವರಿಗೆ, ದೊಡ್ಡ ಅಡ್ವಾನ್ಸ್ ಕೇಳದೆ ಕೊಡಿ. ಬೇರೆ ಧರ್ಮದವರು ಕೇಳಿಕೊಂಡು ಬಂದರೆ ಹೆಸರು ನೋಡಿ ವಾಪಸ್ ಕಳಿಸಬೇಡಿ. ಜಮಾಅತ್ ಸಭೆಯಲ್ಲಿ ಮಸೀದಿ ಕೆಲಸದ ಜೊತೆಗೆ ಬೀದಿಯ ಚರಂಡಿ, ಸರ್ಕಾರಿ ಶಾಲೆಯ ಮಾತನ್ನೂ ಎತ್ತಿ, ಪಾಲಿಕೆಗೆ ಲಿಖಿತ ಅರ್ಜಿ ಕೊಡಿ. ತೆರಿಗೆ ನಾವೂ ಕಟ್ಟುತ್ತೇವೆ. ಹೆಸರು ಕೇಳಿ ಬಾಗಿಲು ಮುಚ್ಚುವವರನ್ನು ದೂರುವ ನಮ್ಮ ಬಾಗಿಲು ಮೊದಲು ತೆರೆದಿರಲಿ.