ಸಗಟುದಾರನ ಕೈ ಬಿಡಂಗಿಲ್ಲ: ಅಮೆರಿಕದ ವೈನ್ ಕಾನೂನು ಕಾಯ್ತಿರೋದು ಯಾರನ್ನ?

ವಿತರಕ ಸರಿಯಾಗಿ ಮಾಲು ಮಾರ್ತಿಲ್ಲ ಅಂದ್ರೆ ಇನ್ನೊಬ್ಬನನ್ನು ಹುಡುಕೋದು ವ್ಯಾಪಾರದ ಸರಳ ನಿಯಮ. ಆದರೆ ಮುಕ್ತ ಮಾರುಕಟ್ಟೆಯ ಪಾಠವನ್ನು ಜಗತ್ತಿಗೇ ಹೇಳುವ ಅಮೆರಿಕದ ಹಲವು ರಾಜ್ಯಗಳಲ್ಲಿ ವೈನ್ ತಯಾರಕರಿಗೆ ಈ ಸ್ವಾತಂತ್ರ್ಯ ಇಲ್ಲ. ವರ್ಜೀನಿಯಾವನ್ನೇ ನೋಡಿ. ಅಲ್ಲಿ ಒಮ್ಮೆ ಬ್ರ್ಯಾಂಡನ್ನು ಸಗಟುದಾರನ ಕೈಗೆ ಕೊಟ್ಟರೆ, ವಾಪಸ್ ಪಡೆಯಲು ಕಾನೂನು ಒಪ್ಪುವಂಥ 'ಸೂಕ್ತ ಕಾರಣ' ತೋರಿಸಬೇಕು, ಮುಂಚಿತವಾಗಿ ನೋಟಿಸ್ ಕೊಡಬೇಕು. ಇಂಥವನ್ನು ಫ್ರಾಂಚೈಸಿ ಕಾನೂನು ಅಂತಾರೆ.

ಇದರ ಬೇರು 1933ರಲ್ಲಿದೆ. ಪಾನನಿಷೇಧ ರದ್ದಾದಾಗ, ಮದ್ಯವನ್ನು ನಿಯಂತ್ರಿಸುವ ಅಧಿಕಾರವನ್ನು ಸಂವಿಧಾನದ 21ನೇ ತಿದ್ದುಪಡಿ ರಾಜ್ಯಗಳಿಗೆ ಕೊಟ್ಟಿತು. ಬಹುತೇಕ ರಾಜ್ಯಗಳು ಮೂರು ಹಂತದ ವ್ಯವಸ್ಥೆ ಮಾಡಿಕೊಂಡವು: ತಯಾರಕ, ಸಗಟುದಾರ, ಅಂಗಡಿ. ತಯಾರಕರೇ ಅಂಗಡಿಗಳನ್ನು ಕೈವಶ ಮಾಡಿಕೊಂಡು ಜನರಿಗೆ ಕುಡಿಸಬಾರದು ಅನ್ನೋದು ಉದ್ದೇಶ. ಮುಂದೆ ಫ್ರಾಂಚೈಸಿ ಕಾನೂನುಗಳು ಬಂದವು. ಅವುಗಳ ವಾದವೂ ಆಗ ನ್ಯಾಯವಾಗೇ ಇತ್ತು. ಊರಿನ ಸಣ್ಣ ಸಗಟುದಾರ ಗೋದಾಮು, ಲಾರಿ, ಆಳುಗಳ ಮೇಲೆ ದುಡ್ಡು ಸುರಿದು ಒಂದು ಬ್ರ್ಯಾಂಡನ್ನು ಬೆಳೆಸುತ್ತಾನೆ. ದೊಡ್ಡ ಕಂಪನಿ ರಾತ್ರೋರಾತ್ರಿ ಅವನನ್ನು ಬಿಟ್ಟು ಹೋದರೆ ಗತಿಯೇನು?

ಸಮಸ್ಯೆ ಏನಂದ್ರೆ, ಕಾಲ ಬದಲಾಯ್ತು, ಕಾನೂನು ಬದಲಾಗಲಿಲ್ಲ. ಇವತ್ತು ಅಮೆರಿಕದಲ್ಲಿ ಸಾವಿರಾರು ವೈನರಿಗಳಿವೆ, ಬಹುಪಾಲು ಸಣ್ಣವು. ಸಗಟುದಾರರೋ ಒಬ್ಬರನ್ನೊಬ್ಬರು ನುಂಗುತ್ತಾ ದೈತ್ಯರಾಗಿದ್ದಾರೆ. 2016ರಲ್ಲಿ ಎರಡು ಕಂಪನಿಗಳ ವಿಲೀನದಿಂದ ಹುಟ್ಟಿದ ಸದರ್ನ್ ಗ್ಲೇಜರ್ಸ್ ಆ ದೇಶದ ಅತಿದೊಡ್ಡ ವೈನ್ ಮತ್ತು ಮದ್ಯ ವಿತರಕ ಸಂಸ್ಥೆ. ಸಣ್ಣ ಅಂಗಡಿಗಳಿಗೆ ಒಂದು ಬೆಲೆ, ದೊಡ್ಡ ಸರಪಳಿ ಅಂಗಡಿಗಳಿಗೆ ಇನ್ನೊಂದು ಬೆಲೆ ಅಂತ ಆರೋಪಿಸಿ ಕೇಂದ್ರದ ಫೆಡರಲ್ ಟ್ರೇಡ್ ಕಮಿಷನ್ 2024ರ ಡಿಸೆಂಬರ್‌ನಲ್ಲಿ ಇದರ ಮೇಲೆ ಕೇಸು ಹಾಕಿತು. ಹೀಗೆ ಬೆಳೆದ ದೈತ್ಯನಿಗೂ ಅದೇ 'ಬಡಪಾಯಿ ಸಗಟುದಾರ'ನ ರಕ್ಷಣೆ ಸಿಗುತ್ತೆ. ನೂರಾರು ಬ್ರ್ಯಾಂಡ್‌ಗಳ ಪಟ್ಟಿಯಲ್ಲಿ ಕೊನೆಗೆ ಬಿದ್ದ ಸಣ್ಣ ವೈನರಿ ಅಲ್ಲೇ ಕೊಳೆಯಬೇಕು.

ಇಂಥ ಕಾನೂನು ಹೇಗೆ ಹುಟ್ಟುತ್ತೆ ಅನ್ನೋದಕ್ಕೆ ಇಲಿನಾಯ್ ಒಳ್ಳೆ ಉದಾಹರಣೆ. ಅಲ್ಲಿ 1999ರಲ್ಲಿ ವೈನ್ ಸಗಟುದಾರರ ಪರ ಕಾನೂನು ಪಾಸಾಯ್ತು. ಅದರ ಹಿಂದಿದ್ದ ಪ್ರಮುಖ ಶಕ್ತಿ ವಿಲಿಯಂ ವರ್ಟ್ಜ್. ಅವರು ದೊಡ್ಡ ವಿತರಣಾ ಕಂಪನಿಯ ಜೊತೆಗೆ ಶಿಕಾಗೋದ ಹಾಕಿ ತಂಡ ಬ್ಲ್ಯಾಕ್‌ಹಾಕ್ಸ್‌ನ ಮಾಲೀಕರೂ ಆಗಿದ್ದರು. ಅದಕ್ಕೆ 'ವರ್ಟ್ಜ್ ಕಾನೂನು' ಅನ್ನೋ ಅಡ್ಡಹೆಸರೇ ಬಿತ್ತು. ಅದು ಹಳೆಯ ಒಪ್ಪಂದಗಳಿಗೂ ಅನ್ವಯವಾಗ್ತಿತ್ತು. ಕೆಂಡಾಲ್-ಜ್ಯಾಕ್ಸನ್ ವೈನರಿ ಕೋರ್ಟಿಗೆ ಹೋಯ್ತು, 2000ದಲ್ಲಿ ಫೆಡರಲ್ ನ್ಯಾಯಾಲಯ ತಡೆ ನೀಡಿತು.

ವರ್ಜೀನಿಯಾ ಇನ್ನೊಂದು ದಾರಿ ಹುಡುಕಿತು. ರಾಜ್ಯದ ವೈನರಿಗಳಿಗೆ ಮಾತ್ರ ನೇರವಾಗಿ ಅಂಗಡಿಗೆ ಮಾರುವ ಹಕ್ಕು ಕೊಡೋದು ಹೊರಗಿನವರಿಗೆ ಮಾಡುವ ತಾರತಮ್ಯ ಅಂತ ಕೋರ್ಟ್ ಹೇಳಿದ ಮೇಲೆ, 2006ರಲ್ಲಿ ಆ ಹಕ್ಕು ಹೋಯ್ತು. ಸಣ್ಣವರು ಕಂಗಾಲಾದರು. ಆಗ ಶಾಸನಸಭೆ 2007ರಲ್ಲಿ ಕೃಷಿ ಇಲಾಖೆಯಡಿ ಲಾಭರಹಿತ ವಿತರಣಾ ಕಂಪನಿಯೊಂದಕ್ಕೆ ಅವಕಾಶ ಮಾಡಿಕೊಟ್ಟಿತು. ಅಂದ್ರೆ ಖಾಸಗಿ ಸಗಟುದಾರನ ಹಂಗಿಲ್ಲದೆ ಅಂಗಡಿ ತಲುಪಲು ಸಣ್ಣವರಿಗೆ ಸರ್ಕಾರವೇ ಒಂದು ಬಾಗಿಲು ತೆರೆಯಿತು.

ಹಾಗಾದ್ರೆ ಸಗಟು ವ್ಯಾಪಾರವನ್ನು ಪೂರ್ತಿ ಸರ್ಕಾರವೇ ವಹಿಸಿಕೊಂಡರೆ ಮುಗೀತಾ? ನಮ್ಮ ಕರ್ನಾಟಕ ಮಾಡಿರೋದು ಹೆಚ್ಚುಕಡಿಮೆ ಅದನ್ನೇ. 2003ರಲ್ಲಿ ಸ್ಥಾಪನೆಯಾದ ರಾಜ್ಯ ಪಾನೀಯ ನಿಗಮದ ಕೈಯಲ್ಲೇ ಇಲ್ಲಿನ ಮದ್ಯದ ಸಗಟು ವಿತರಣೆ ಇದೆ. ವರ್ಟ್ಜ್‌ನಂಥ ಖಾಸಗಿ ಮಧ್ಯವರ್ತಿಗೆ ಇಲ್ಲಿ ಜಾಗವಿಲ್ಲ, ನಿಜ. ಆದರೆ ವಿತರಕನನ್ನು ಬದಲಿಸುವ ಪ್ರಶ್ನೆಯೂ ಇಲ್ಲ. ದ್ರಾಕ್ಷಿ ಬೆಳೆಗಾರರ ಹೆಸರಲ್ಲಿ 2007ರಲ್ಲಿ ವೈನ್ ನೀತಿ ತಂದ ರಾಜ್ಯ ಇದು. ಸಣ್ಣ ವೈನರಿಗೆ ನಿಗಮದ ಎದುರು ಎಷ್ಟು ದನಿಯಿದೆ ಅಂತ ಇಲ್ಲೂ ಕೇಳಲೇಬೇಕು.

ಪರಿಹಾರ ಇಲ್ಲವೇ ಇಲ್ಲ ಅಂತೇನಲ್ಲ. ಬಿಯರ್ ವಿಚಾರದಲ್ಲಿ ನ್ಯೂಯಾರ್ಕ್ 2012ರಲ್ಲಿ ಒಂದು ತಿದ್ದುಪಡಿ ತಂದಿತು: ಸಣ್ಣ ತಯಾರಕ ನ್ಯಾಯಯುತ ಪರಿಹಾರ ಕೊಟ್ಟು ಸಗಟುದಾರನಿಂದ ಬಿಡುಗಡೆ ಪಡೆಯಬಹುದು. ಸಗಟುದಾರನ ಹೂಡಿಕೆಗೂ ಬೆಲೆ ಸಿಗುತ್ತೆ, ತಯಾರಕನ ಕಾಲಿಗೆ ಸಂಕೋಲೆಯೂ ಬೀಳಲ್ಲ. ವೈನ್‌ಗೂ ಇದೇ ಅಳತೆಗೋಲು ಬರಬೇಕು.

ದುರ್ಬಲರ ಹೆಸರಲ್ಲಿ ಬರುವ ಯಾವ ಕಾನೂನನ್ನೇ ಆಗಲಿ, ಆಗಾಗ ಎತ್ತಿ ನೋಡ್ತಿರಬೇಕು: ಅಲ್ಲಿ ಬರೆದಿರುವ ದುರ್ಬಲ ಇನ್ನೂ ದುರ್ಬಲನೇನಾ? ಈ ಪ್ರಶ್ನೆಯನ್ನು ಶಾಸಕರು ತಾವಾಗೇ ಕೇಳಿಕೊಳ್ಳಲ್ಲ. ನಾವು ಕೇಳಬೇಕು.